ಶನಿವಾರದ ಪೊಟ್ಟಣ

ಅಕ್ಕನ ಮಗಳಿಗೆ ಬೆಂಗಳೂರಿನಲ್ಲಿ ಕೆಲಸವಾಗಿ, ಮೊದಲ ಸಂಬಳ ಕೈಸೇರಿದ ವಾರ ನನ್ನನ್ನು ಊಟಕ್ಕೆ ಕರೆದಳು. ಧರ್ಮಪುರಿಯಲ್ಲಿ ಹುಟ್ಟಿ ಬೆಳೆದ ಹುಡುಗಿ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು, ಕಚೇರಿಯಲ್ಲಿ ಇಂಗ್ಲಿಷು. ಕನ್ನಡವನ್ನು ಸರಾಗವಾಗಿ ಆಡುವ ಅವಳಿಗೆ ಕನ್ನಡದ ಒಂದಕ್ಷರವನ್ನೂ ಓದಲು ಬಾರದು. ಅದನ್ನೇ ಕಲಿಸಿ ಹೊಟ್ಟೆ ಹೊರೆಯುವ ಸೋದರಮಾವನಿಗೆ ಇದು ತೀರಿಸದೆ ಉಳಿದಿರುವ ಒಂದು ಸಾಲ.

"ಮಾಮ, ದೋಸೆ ಹೋಟ್ಲು ಅಂತ ಹೇಳ್ಬಾರ್ದು. ಈ ಸಲ ನಾನು ಹೇಳಿದ ಕಡೆಗೆ ನೀವು ಬರ್ಬೇಕು" ಎಂದು ಮೊದಲೇ ಕರಾರು ಹಾಕಿದ್ದಳು. ಹೋದದ್ದು ಇಂದಿರಾನಗರದ ಒಂದು ಮಹಡಿಯ ಮೇಲಣ ಜಾಗಕ್ಕೆ. ಗಾಜಿನ ಗೋಡೆಯ ಹಿಂದೆ ಆಳೆತ್ತರದ ಉಕ್ಕಿನ ಹಂಡೆಗಳು ಸಾಲಾಗಿ ನಿಂತಿದ್ದವು. ಹಾಲಿನ ಡೇರಿಯೊಳಕ್ಕೆ ಬಂದೆವೇನೋ ಎಂದುಕೊಂಡೆ. ಅಲ್ಲಿಯೇ ಕುದಿಸಿ, ಅಲ್ಲಿಯೇ ಹುಳಿಸಿ, ಅಲ್ಲಿಯೇ ಗ್ಲಾಸಿಗೆ ಬಗ್ಗಿಸಿ ಕೊಡುವ ಬಿಯರಿನ ಹಂಡೆಗಳವು ಎಂದು ಅವಳು ತಿಳಿಸಿದಳು. ಕ್ರಾಫ್ಟ್ ಬಿಯರ್ ಎಂದು ಅದರ ಹೆಸರು. ಹದಿನೈದು ವರ್ಷಗಳಿಂದೀಚೆಗೆ ಬೆಂಗಳೂರು ಇದಕ್ಕೂ ಹೆಸರಾಗಿದೆ. ಸೇಲಂ, ಧರ್ಮಪುರಿ, ಹೊಸೂರುಗಳಿಂದ ಕೆಲಸಕ್ಕೆ ಬಂದ ಮಕ್ಕಳು ವಾರದ ಕೊನೆಗೆ ಇಂಥ ಕಡೆ ಕೂಡುತ್ತಾರೆಂದು ಕೇಳಿದ್ದೆನೇ ಹೊರತು ಕಂಡಿರಲಿಲ್ಲ.

ಕುಡಿಯುವವರನ್ನು ಕಂಡರೆ ನಾನು ರಸ್ತೆಯ ಆಚೆ ಬದಿಗೆ ಸರಿದು ನಡೆಯುವ ಜಾತಿಯವನು. ಅವಳಿಗೆ ಅದು ಗೊತ್ತು, ಕಾರಣ ಗೊತ್ತಿರಲಿಲ್ಲ. ನನ್ನ ಮುಖ ನೋಡಿ, ಪಾಠ ಹೇಳಿದರೆ ಮೇಷ್ಟರು ಸಮಾಧಾನವಾಗುತ್ತಾರೆಂದು ಲೆಕ್ಕ ಹಾಕಿದಳೋ ಏನೋ, ಬಿಯರು ಮಾಡುವ ಬಗೆಯನ್ನು ವಿವರಿಸತೊಡಗಿದಳು. ಬಾರ್ಲಿಯನ್ನು ನೆನೆಹಾಕಿ ಮೊಳಕೆ ಬರಿಸುತ್ತಾರೆ. ಮೊಳಕೆ ಬೆಳೆದುಬಿಡುವ ಮೊದಲೇ ಬಿಸಿಗಾಳಿಯಲ್ಲಿ ಒಣಗಿಸುತ್ತಾರೆ. ಮೊಳೆಯುವ ಕಾಳು ತನ್ನೊಳಗಿನ ಪಿಷ್ಟವನ್ನು ಸಕ್ಕರೆಯಾಗಿಸುವ ಸಿದ್ಧತೆ ಮಾಡಿಕೊಂಡಿರುತ್ತದೆ. ಆ ಸಿದ್ಧತೆಯನ್ನೇ ಮನುಷ್ಯ ಕದಿಯುತ್ತಾನೆ. "ಮಾಲ್ಟ್ ಅಂದ್ರೆ ಅಷ್ಟೇ ಮಾಮ. ಅವ್ವ ಕೂಸುಗಳಿಗೆ ರಾಗಿಸರಿ ಮಾಡೋದಿಲ್ವಾ, ಹಾಗೆ" ಎಂದಳು. ಧರ್ಮಪುರಿಯ ಕಡೆ ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬಂದ ಮೇಲೆ ನೆರಳಲ್ಲಿ ಒಣಗಿಸಿ ಬೀಸುವುದನ್ನು ಅವಳು ತನ್ನ ಮನೆಯ ಜಗುಲಿಯಲ್ಲಿಯೇ ನೋಡಿದವಳು. ಹಾಲುಗಲ್ಲದ ಕೂಸಿನ ಬಟ್ಟಲಿಗೂ ಈ ಹಂಡೆಗೂ ಅಡಿಗೆಯ ಮೊದಲ ಹೆಜ್ಜೆ ಒಂದೇ ಎಂಬುದು ನನಗೆ ಹೊಳೆದಿರಲಿಲ್ಲ. ಎರಡನೆಯ ಹೆಜ್ಜೆಯಲ್ಲಿ ದಾರಿ ಬೇರೆಯಾಗುತ್ತದೆ.

ಅಷ್ಟರಲ್ಲಿ ಮರದ ಹಲಗೆಯೊಂದರ ಮೇಲೆ ಮೂರು ಪುಟ್ಟ ಬನ್ನುಗಳು ಬಂದವು. ಒಂದೊಂದರ ನಡುವೆಯೂ ತರಕಾರಿಯ ಬಿಲ್ಲೆ, ಈರುಳ್ಳಿ, ಯಾವುದೋ ಕೆಂಪು ಗೊಜ್ಜು. ಬೀಳದಂತೆ ಮೇಲಿಂದ ಚುಚ್ಚಿದ ಕಡ್ಡಿ. ಇವಕ್ಕೆ ಸ್ಲೈಡರ್ ಎಂದು ಹೆಸರು. ಅಮೆರಿಕದ ವಿಚಿಟಾ ಎಂಬ ಊರಿನಲ್ಲಿ 1921ರಲ್ಲಿ ವೈಟ್ ಕ್ಯಾಸಲ್ ಎಂಬ ಸಂಸ್ಥೆ ಐದು ಸೆಂಟಿಗೆ ಒಂದರಂತೆ ಮಾರಲು ಹೊರಟ ಚಿಕ್ಕ ಬರ್ಗರಿನ ವಂಶದ್ದು. ಐದು ಸೆಂಟಿನ ತಿಂಡಿ ನೂರು ವರ್ಷದಲ್ಲಿ ಮರದ ಹಲಗೆ ಏರಿದೆ. ಬೆಲೆಯ ವಿಷಯ ಬೇಡ; ಅದನ್ನು ಓದಿದಾಗ ನಾನು ಹಲಗೆಯೂ ನಮಗೇ ಸೇರುತ್ತದೆಯೇ ಎಂದು ಕೇಳಿ ಬೈಸಿಕೊಂಡೆ.

ಅವಳು ಒಂದನ್ನು ಎತ್ತಿ ತಿರುಗಿಸಿ ನೋಡಿ, "ಇದು ನಮ್ಮ ಸೆಟ್ಟೇ ಅಲ್ವಾ ಮಾಮ? ತಟ್ಟುವಡೆ ಬದಲು ಬನ್ನು" ಎಂದಳು.

ನಾನು ಒಂದನ್ನು ಬೆರಳಲ್ಲಿ ಹಿಡಿದೆ. ಬನ್ನು ಮೆತ್ತಗೆ ಒಳಕ್ಕೆ ಕುಸಿಯಿತು. ಐವತ್ತು ವರ್ಷದ ಮನುಷ್ಯನ ಹೊಟ್ಟೆಯಲ್ಲಿ, ಏಳು ವರ್ಷದ ಹುಡುಗನೊಬ್ಬ ಎಚ್ಚರಗೊಂಡು ಕುಳಿತಂತಾಯಿತು.

ಸೇಲಂ ನೋಡದವರಿಗೆ ಸೆಟ್ಟಿನ ಬಗ್ಗೆ ಹೇಳಬೇಕು. ಬೆಂಗಳೂರಿನ ವಿದ್ಯಾರ್ಥಿಗಳು ನಿಪ್ಪಟ್ಟು ಮಸಾಲೆ ತಿಂದಿರುತ್ತೀರಿ. ಅದರ ಹತ್ತಿರದ ನೆಂಟ ಇದು. ತಮಿಳಿನಲ್ಲಿ ತಟ್ಟುವಡೈ ಎನ್ನುವುದು ನಮ್ಮ ನಿಪ್ಪಟ್ಟೇ. ತಟ್ಟು ಎಂಬ ಧಾತು ಎರಡು ಭಾಷೆಗಳಿಗೂ ಸೇರಿದ್ದು; ನಾವು ರೊಟ್ಟಿ ತಟ್ಟುವಂತೆ ಅವರು ವಡೆ ತಟ್ಟುತ್ತಾರೆ. ಅಕ್ಕಿಹಿಟ್ಟಿಗೆ ಉದ್ದಿನಹಿಟ್ಟು, ಹುರಿಗಡಲೆಯ ಪುಡಿ, ನೆನೆದ ಕಡಲೆಬೇಳೆ, ಖಾರ, ಕರಿಬೇವು ಸೇರಿಸಿ, ಅಂಗೈಗಿಂತ ಚಿಕ್ಕದಾಗಿ, ತೆಳ್ಳಗೆ ತಟ್ಟಿ ಎಣ್ಣೆಯಲ್ಲಿ ಕರಿದದ್ದು. ಹಾಗೆಯೇ ತಿಂದರೆ ಅದು ಎಲ್ಲ ಊರಿನ ನಿಪ್ಪಟ್ಟು. ಸೇಲಂ ಅದನ್ನು ಜೋಡಿ ಮಾಡಿತು.

ಸಂಜೆ ಐದರ ಮೇಲೆ ಬೀದಿಯ ತಿರುವಿಗೊಂದು ತಳ್ಳುಗಾಡಿ ನಿಲ್ಲುತ್ತದೆ. ಗಾಡಿಯ ಮೇಲೆ ತಟ್ಟುವಡೆ ತುಂಬಿದ ಗಾಜಿನ ಪೆಟ್ಟಿಗೆ, ಹೆರೆದ ಕ್ಯಾರೆಟ್ಟಿನ ಒಂದು ಗುಡ್ಡೆ, ಹೆರೆದ ಬೀಟ್‌ರೂಟಿನ ಒಂದು ಗುಡ್ಡೆ, ಸಣ್ಣಗೆ ಹೆಚ್ಚಿದ ಈರುಳ್ಳಿ, ಎರಡು ಪಾತ್ರೆಗಳಲ್ಲಿ ಚಟ್ನಿ. ಹಸಿರು ಚಟ್ನಿ ಕೊತ್ತಂಬರಿ, ಪುದೀನ, ಹಸಿಮೆಣಸಿನಕಾಯಿಯದು. ಕೆಂಪು ಚಟ್ನಿ ಒಣಮೆಣಸಿನಕಾಯಿ, ಬೆಳ್ಳುಳ್ಳಿಯದು. ಗಾಡಿಯವನ ಎಡಗೈ ತಟ್ಟೆಯ ಮೇಲೆ ಐದಾರು ತಟ್ಟುವಡೆಗಳನ್ನು ಇಸ್ಪೀಟಿನ ಎಲೆಗಳಂತೆ ಹರಡುತ್ತದೆ. ಬಲಗೈ ಒಂದು ಚಟ್ನಿ ಸವರಿ, ತರಕಾರಿಯನ್ನು ಚಿಟಿಕೆ ಚಿಟಿಕೆಯಾಗಿ ಇಟ್ಟು, ಇನ್ನೊಂದು ಚಟ್ನಿಯ ಬೊಟ್ಟು ಹಾಕಿ, ಮತ್ತೊಂದು ತಟ್ಟುವಡೆಯನ್ನು ಮುಚ್ಚಳದಂತೆ ಒತ್ತುತ್ತದೆ. ಇಡಿಯಾಗಿ ಬಾಯಿಗಿಡಬೇಕು. ಕಚ್ಚಿ ತಿನ್ನಲು ಹೋದವರ ಅಂಗಿಯ ಮೇಲೆ ಬೀಟ್‌ರೂಟಿನ ಸಹಿ ಬೀಳುತ್ತದೆ. ಇದೇ ಸಾಮಗ್ರಿಯನ್ನು ಕೈಯಲ್ಲಿ ಪುಡಿಮಾಡಿ ಕಲಸಿ ಕೊಟ್ಟರೆ ಅದಕ್ಕೆ ನೊರುಕ್ಕಲ್ ಎನ್ನುತ್ತಾರೆ. ನೊರುಕು ಎಂದರೆ ಪುಡಿಮಾಡು. ಹಳಗನ್ನಡ ತರಗತಿಯಲ್ಲಿ 'ನುರ್ಗು' ಕಂಡಾಗಲೆಲ್ಲ ನನ್ನ ಬಾಯಲ್ಲಿ ನೀರೂರಿದ್ದಕ್ಕೆ ಗುರುಗಳಿಗೆ ಕಾರಣ ತಿಳಿದಿರಲಿಲ್ಲ.

ಸೆಟ್ಟಿಗೆ ಒಂದು ಗುಣವಿದೆ. ಅದು ಕಾಯುವುದಿಲ್ಲ. ಚಟ್ನಿ ತಗುಲಿದ ಗಳಿಗೆಯಿಂದ ತಟ್ಟುವಡೆ ನೀರು ಹೀರತೊಡಗುತ್ತದೆ. ಹತ್ತು ನಿಮಿಷ ಗರಿಗರಿಯಾಗಿರುತ್ತದೆ. ಅರ್ಧ ಗಂಟೆಗೆ ಚಕ್ಕಳದಂತೆ ನಾರುತ್ತದೆ. ಒಂದು ಗಂಟೆಯಾದರೆ ಎತ್ತಿದಲ್ಲಿ ಮಡಚಿಕೊಂಡು ಬೀಳುತ್ತದೆ. ನಮ್ಮ ಮನೆಯಲ್ಲಿ ಈ ಮೂರು ಅವಸ್ಥೆಗಳಿಗೂ ಅರ್ಥವಿತ್ತು.

ಅಪ್ಪ ನೇಕಾರ. ಸೇಲಂನ ದೇವಾಂಗರಲ್ಲಿ ಕನ್ನಡ ಮನೆಮಾತಿನವರು ಬಹಳ. ಯಾವ ಕಾಲದಲ್ಲೋ ಮಗ್ಗ ಹೊತ್ತು ತೆಂಕಲಿಗೆ ಇಳಿದವರ ಮಕ್ಕಳು ನಾವು. ತಮಿಳು ಶಾಲೆಯಲ್ಲಿ ಓದಿದ ನನಗೆ ಕನ್ನಡಕ್ಕೂ ಅಕ್ಷರಗಳಿವೆ ಎಂಬುದು ಖಚಿತವಾಗಿ ಮನವರಿಕೆಯಾದದ್ದು, ಮುಂದೆ ಹೊಸೂರಿನ ಸೋದರಮಾವನ ಮನೆಗೆ ಹೋದ ಮೇಲೆ. ಜೇಡರ ದಾಸಿಮಯ್ಯನ ಹೆಸರಿನಲ್ಲಿರುವ ಜೇಡ ಎಂದರೆ ನೇಕಾರನೆಂದು ತರಗತಿಯಲ್ಲಿ ಕೇಳಿದ ದಿನ, ಅಪ್ಪನಿಗೆ ಕಾಗದ ಬರೆಯಬೇಕೆನ್ನಿಸಿತು. ಯಾವ ಲಿಪಿಯಲ್ಲಿ ಬರೆಯುವುದೆಂದು ತೋಚದೆ ಬಿಟ್ಟೆ.

ನೆಲದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕುಳಿತು ಅಪ್ಪ ಬಿಳಿಯ ರೇಷ್ಮೆಪಂಚೆ ನೇಯುತ್ತಿದ್ದ. ಸೇಲಂನ ವೆಣ್ಪಟ್ಟು ಎಂದು ಅದಕ್ಕೆ ಇಂದು ಭೌಗೋಳಿಕ ಗುರುತಿನ ಮನ್ನಣೆ ಇದೆ. ಬಿಳಿ ಬಟ್ಟೆಯ ಮೇಲೆ ಒಂದು ಕಲೆ ಬಿದ್ದರೂ ಕೂಲಿಯಲ್ಲಿ ಮುರಿದುಕೊಳ್ಳುತ್ತಿದ್ದರಾದ್ದರಿಂದ ವಾರವಿಡೀ ಅಪ್ಪ ಕೈತೊಳೆದ ನೀರಿನಷ್ಟು ಶುಚಿಯ ಮನುಷ್ಯ. ಶನಿವಾರ ಸಂಜೆ ಸಾಹುಕಾರರ ಮನೆಯಲ್ಲಿ ಲೆಕ್ಕ. ಅಲ್ಲಿಂದ ನಮ್ಮ ಮನೆಗೆ ಎರಡು ತಿರುವು. ಮೊದಲ ತಿರುವಿನಲ್ಲಿ ಸೆಟ್ಟಿನ ಗಾಡಿ, ಎರಡನೆಯ ತಿರುವಿನಲ್ಲಿ ಸಾರಾಯಿ ಅಂಗಡಿ. ನಾನು ಹೇಳುತ್ತಿರುವುದು 1982, 83ರ ಮಾತು. ತಮಿಳುನಾಡಿನಲ್ಲಿ ಪಾನನಿಷೇಧ 1971ರಲ್ಲಿ ಸಡಿಲವಾಗಿ, 1974ರ ಹೊತ್ತಿಗೆ ಮತ್ತೆ ಬಿಗಿಯಾಗಿ, 1981ರಲ್ಲಿ ಪುನಃ ತೆರೆದುಕೊಂಡಿತ್ತು. ಬಾಗಿಲು ತೆಗೆದು ಮುಚ್ಚುವ ಈ ಆಟದಲ್ಲಿ ನಮ್ಮಪ್ಪ ಒಳಗೆ ಸಿಕ್ಕಿಕೊಂಡದ್ದು ಮೂರನೆಯ ಸಲ.

ಶನಿವಾರ ಸಂಜೆ ಅಕ್ಕ, ನಾನು ಜಗುಲಿಯ ಮೇಲೆ ಕೂರುತ್ತಿದ್ದೆವು. ಅಪ್ಪನ ಕೈಯಲ್ಲಿ ಯಾವಾಗಲೂ ಒಂದು ಪೊಟ್ಟಣ. ಬಾಳೆಲೆಯ ಚೂರು, ಅದರ ಮೇಲೆ ಪತ್ರಿಕೆಯ ಹಾಳೆ, ಮೇಲೆ ನೂಲಿನ ದಾರ. ಬಿಚ್ಚಿ ಬಾಯಿಗಿಟ್ಟರೆ ಸಾಕು, ಆ ರಾತ್ರಿ ಹೇಗಿರುತ್ತದೆಂದು ನಮಗೆ ತಿಳಿಯುತ್ತಿತ್ತು. ಕರಕ್ಕೆಂದರೆ ಅಪ್ಪ ನೇರವಾಗಿ ಬಂದಿದ್ದಾನೆ. ಊಟವಾದ ಮೇಲೆ ತೊಡೆಯ ಮೇಲೆ ಕೂರಿಸಿಕೊಂಡು ಮಗ್ಗದ ಹಾಡಿನಂಥದೊಂದನ್ನು ಗೊಣಗುತ್ತಾನೆ. ನಾರಿದರೆ, ಎರಡನೆಯ ತಿರುವಿನಲ್ಲಿ ಸ್ವಲ್ಪ ಹೊತ್ತು ನಿಂತಿದ್ದಾನೆ. ಮಾತು ಕಡಿಮೆ ಆಡಬೇಕು. ಮಡಚಿ ಬಿದ್ದರೆ ಅಕ್ಕ ನನ್ನ ಕೈ ಹಿಡಿದು ಹಿತ್ತಿಲಿಗೆ ಕರೆದೊಯ್ಯುತ್ತಿದ್ದಳು. ಒಳಗೆ ಪಾತ್ರೆಯ ಸದ್ದು, ಅವ್ವನ ದನಿ, ಆಮೇಲೆ ಅವ್ವನ ದನಿಯೂ ಇಲ್ಲದಿರುವಿಕೆ. ಅಕ್ಕ ಒದ್ದೆ ತಟ್ಟುವಡೆಯನ್ನು ಬಿಸಾಡುತ್ತಿರಲಿಲ್ಲ. ಕತ್ತಲಲ್ಲಿ ಇಬ್ಬರೂ ಅದನ್ನೇ ತಿನ್ನುತ್ತಿದ್ದೆವು. ಹಸಿವೆಗೆ ನಾಚಿಕೆ ಗೊತ್ತಿರಲಿಲ್ಲ.

ಅಜ್ಜಿ, ಅಪ್ಪನ ತಾಯಿ, ಇಂಥ ರಾತ್ರಿಗಳಲ್ಲಿ ಬೇರೊಂದು ಕಾಲದ ಕತೆ ಹೇಳುತ್ತಿದ್ದಳು. ಅವಳು ಹತ್ತು ವರ್ಷದ ಹುಡುಗಿಯಾಗಿದ್ದಾಗ ಸೇಲಂನ ಕಳ್ಳಿನಂಗಡಿಗಳೆಲ್ಲ ಒಂದೇ ದಿನ ಮುಚ್ಚಿದವಂತೆ. ನಾನು ಅದನ್ನು ಅಜ್ಜಿಕತೆಯೆಂದೇ ತಿಳಿದಿದ್ದೆ. ದೊಡ್ಡವನಾದ ಮೇಲೆ ಓದಿದಾಗ ಅದಕ್ಕೆ ತಾರೀಖು ಸಿಕ್ಕಿತು: 1937ರ ಅಕ್ಟೋಬರ್ 1. ಆ ವರ್ಷದ ಜುಲೈಯಲ್ಲಿ ಮದ್ರಾಸ್ ಪ್ರಾಂತ್ಯದ ಪ್ರಧಾನಿಯಾದ ರಾಜಾಜಿ, ಪಾನನಿಷೇಧವನ್ನು ಮೊದಲು ಜಾರಿಗೆ ತರಲು ಆರಿಸಿಕೊಂಡದ್ದು ಸೇಲಂ ಜಿಲ್ಲೆಯನ್ನು. ಅದು ಅವರ ಸ್ವಂತ ಜಿಲ್ಲೆ. ಹೊಸೂರಿನ ಬಳಿಯ ತೊರಪಳ್ಳಿಯಲ್ಲಿ ಹುಟ್ಟಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ, ಸೇಲಂನಲ್ಲಿ ವಕೀಲಿ ಮಾಡಿ, ಅಲ್ಲಿನ ಪುರಸಭೆಯ ಅಧ್ಯಕ್ಷರೂ ಆಗಿದ್ದವರು. ಅಂದಿನ ಸೇಲಂ ಜಿಲ್ಲೆ ಇಂದಿನದಲ್ಲ. ಧರ್ಮಪುರಿ ಅದರಿಂದ ಬೇರೆಯಾದದ್ದು 1965ರಲ್ಲಿ, ಆ ಧರ್ಮಪುರಿಯಿಂದ ಕೃಷ್ಣಗಿರಿ ಬೇರೆಯಾದದ್ದು 2004ರಲ್ಲಿ. ಹಾಗಾಗಿ ಕಾಯಿದೆ ಕರ್ನಾಟಕದ ಗಡಿಯವರೆಗೂ ಚಾಚಿತ್ತು. ಕಳ್ಳಿನ ಕಂದಾಯ ನಿಂತು ಬರಿದಾದ ಬೊಕ್ಕಸವನ್ನು ತುಂಬಲು 1939ರಲ್ಲಿ ಮಾರಾಟ ತೆರಿಗೆ ಹುಟ್ಟಿತು. ಇಂದು ನಾವು ಸೋಪಿಗೂ ಪುಸ್ತಕದ ಬೈಂಡಿಗೂ ತೆರಿಗೆ ಕೊಡುವಾಗ ಸೇಲಂನ ಮುಚ್ಚಿದ ಕಳ್ಳಿನಂಗಡಿಯ ಬಾಕಿಯಲ್ಲಿ ಒಂದಿಷ್ಟನ್ನು ತೀರಿಸುತ್ತಿದ್ದೇವೆಂದರೂ ನಡೆದೀತು.

ಅಜ್ಜಿಗೆ ಈ ಲೆಕ್ಕ ಬೇಕಿರಲಿಲ್ಲ. ಅವಳ ನೆನಪಿನಲ್ಲಿದ್ದದ್ದು, ಅಂಗಡಿ ಮುಚ್ಚಿದ ಮೇಲಿನ ಮೊದಲ ಶನಿವಾರ ಅವಳಪ್ಪ ಇಡೀ ಕೂಲಿಯನ್ನು ಚಾಪೆಯ ಮೇಲೆ ಸುರಿದದ್ದು. ಅಷ್ಟು ದುಡ್ಡನ್ನು ಒಟ್ಟಿಗೆ ನೋಡಿ ಅವಳವ್ವ ಹೆದರಿ, ಎಲ್ಲಿಂದ ಕದ್ದಿರಿ ಎಂದು ಕೇಳಿದ್ದಳಂತೆ. ಇಷ್ಟು ಹೇಳಿ ನಕ್ಕು, ಆಮೇಲೆ ದನಿ ತಗ್ಗಿಸಿ ಇನ್ನೊಂದು ಮಾತನ್ನೂ ಅವಳು ಸೇರಿಸುತ್ತಿದ್ದಳು: ಮರ ಹತ್ತಿ ಬದುಕುತ್ತಿದ್ದವರ ಕೇರಿಯಲ್ಲಿ ಅದೇ ಶನಿವಾರ ಒಲೆ ಹತ್ತಲಿಲ್ಲ. ಪಾನನಿಷೇಧವನ್ನು ಹೊಗಳುವ ಬರಹಗಳನ್ನೂ ಹಳಿಯುವ ಬರಹಗಳನ್ನೂ ಓದಿದ್ದೇನೆ. ಈ ಎರಡು ಒಲೆಗಳನ್ನು ಒಂದೇ ಉಸಿರಿನಲ್ಲಿ ಹೇಳಿದವರನ್ನು ಹೆಚ್ಚು ಕಂಡಿಲ್ಲ.

ನಮ್ಮ ಸಾಹಿತ್ಯಕ್ಕೆ ಕುಡಿತ ಹೊಸದಲ್ಲ. ಮಹಾಕಾವ್ಯದ ಅಷ್ಟಾದಶ ವರ್ಣನೆಗಳಲ್ಲಿ ಮಧುಪಾನವೂ ಒಂದೆಂದು ನೀವು ಪರೀಕ್ಷೆಗೆ ಬರೆದಿರುತ್ತೀರಿ. ಬರೆದವರಿಗೆ ನಾನೇ ಅಂಕ ಕೊಟ್ಟಿದ್ದೇನೆ. ಶರಣರ ಸಾಲಿನಲ್ಲಿ ಹೆಂಡದ ಮಾರಯ್ಯನಿದ್ದಾನೆ. ಸೇಲಂನ ಶಾಲೆಯಲ್ಲಿ ನಾನು ಬಾಯಿಪಾಠ ಮಾಡಿದ ತಿರುಕ್ಕುರಳಿನಲ್ಲಿ 93ನೆಯ ಅಧಿಕಾರವೇ ಕಳ್ಳುಣ್ಣದಿರುವ ಬಗ್ಗೆ. ಅಲ್ಲಿ ಹೆತ್ತ ತಾಯಿಯ ಪ್ರಸ್ತಾಪವುಂಟು. ಮನೆಯಲ್ಲಿ ಕಾಯುವ ಹೆಂಡತಿ ಕಾಣುವುದಿಲ್ಲ. ಇವೆಲ್ಲಕ್ಕಿಂತ ನನ್ನನ್ನು ತಡೆದು ನಿಲ್ಲಿಸಿದ್ದು ರಾಜರತ್ನಂ ಅವರ ರತ್ನ. ಎಂ.ಎ. ತರಗತಿಯಲ್ಲಿ ಗುರುಗಳು ರತ್ನನ ಪದಗಳನ್ನು ಹಾಡಿಯೇ ಓದುತ್ತಿದ್ದರು. ತರಗತಿ ಮೇಜು ಬಡಿದು ನಗುತ್ತಿತ್ತು. ನಾನೂ ನಗುತ್ತಿದ್ದೆ, ಎಲ್ಲರಿಗಿಂತ ಒಂದು ಕ್ಷಣ ತಡವಾಗಿ. ರತ್ನ ಹಾಡುವಾಗ ಪುಟ್ನಂಜಿ ಏನು ಮಾಡುತ್ತಿದ್ದಳು? ಅವಳ ಮನೆಗೆ ಶನಿವಾರ ಪೊಟ್ಟಣ ಬರುತ್ತಿತ್ತೇ? ಇದು ಕವಿಗೆ ಅನ್ಯಾಯ ಮಾಡುವ ಪ್ರಶ್ನೆಯೆಂದು ಬಲ್ಲೆ. ಸ್ವತಃ ಕುಡಿಯದ ರಾಜರತ್ನಂ, ಕುಡುಕನ ನಾಲಗೆಯಿಂದ ಕನ್ನಡಕ್ಕೆ ಒಂದು ಹೊಸ ನುಡಿಯನ್ನೇ ಎತ್ತಿ ತಂದರು, ಹಾಡು ಪಂಚನಾಮೆಯಲ್ಲ. ಆದರೂ ಪಾಠ ಹೇಳುವಾಗ ಇಂದಿಗೂ ನಾನು ಆ ಪದಗಳನ್ನು ಹಾಡುವುದಿಲ್ಲ, ಓದುತ್ತೇನೆ. ನನ್ನ ಕಂಠ ಸರಿಯಿಲ್ಲವೆಂದು ನೀವು ತಿಳಿದಿದ್ದರೆ ಅದೂ ನಿಜವೇ.

ಇಂದಿರಾನಗರದ ಮೇಜಿಗೆ ಮರಳುತ್ತೇನೆ. ಮಗುವಿನ ಹಾಲಿನ ಲೋಟದಷ್ಟೇ ಇರುವ ನಾಲ್ಕು ಪುಟ್ಟ ಗ್ಲಾಸುಗಳು ಬಂದಿದ್ದವು. ನಾಲ್ಕು ಬಗೆಯ ರುಚಿ ನೋಡಲಿಕ್ಕೆ. ಒಂದು ಗೋಧಿಯದು, ಜೋನಿಬೆಲ್ಲದ ಬಣ್ಣ. ಇನ್ನೊಂದು ಕಾಫಿಯ ಡಿಕಾಕ್ಷನ್ನಿನಂತೆ ಕಪ್ಪು. ಅವಳು ಗೋಧಿಯದನ್ನು ಒಂದು ಗುಟುಕು ಕುಡಿದು, "ಕಾಫಿಗಿಂತ ಕಹಿ ಕಮ್ಮಿ ಮಾಮ, ನೋಡಿ" ಎಂದು ನನ್ನ ಕಡೆಗೆ ಸರಿಸಿದಳು. ಅವಳ ಕಣ್ಣಿನಲ್ಲಿ ತಪ್ಪೂ ಇರಲಿಲ್ಲ, ಧೈರ್ಯವೂ ಇರಲಿಲ್ಲ. ತಿನ್ನುವ ಹೊಸ ಹಣ್ಣೊಂದನ್ನು ದೊಡ್ಡವರಿಗೂ ಕೊಡುವಾಗ ಮಕ್ಕಳಲ್ಲಿರುವ ಸಡಗರವಷ್ಟೇ ಇತ್ತು. ಸುತ್ತಲಿನ ಮೇಜುಗಳಲ್ಲಿಯೂ ಯಾರೂ ತೂರಾಡುತ್ತಿರಲಿಲ್ಲ. ಗಂಡಸರು, ಹೆಂಗಸರು, ಒಬ್ಬರ ತೊಡೆಯ ಮೇಲೆ ಮಗು. ಮಗುವಿನ ಕೈಯಲ್ಲಿ ಬನ್ನಿನ ಚೂರು. ನನಗೆ ಪರಿಚಯವಿದ್ದ ಕುಡಿತ ಗೋಡೆಗೆ ಮುಖಮಾಡಿ, ನಿಂತುಕೊಂಡೇ, ಒಂದೇ ಗುಟುಕಿಗೆ ಆಗುತ್ತಿದ್ದ ಕುಡಿತ. ಅದಕ್ಕೆ ಹೆಂಡತಿ ಮಕ್ಕಳು ಹೊರಗಿನವರು.

"ತಾತ ಇದ್ದಿದ್ರೆ ಅವರನ್ನೂ ಕರ್ಕೊಂಡು ಬರ್ತಿದ್ದೆ" ಎಂದಳು ಅವಳು. "ತಾತ ಎಷ್ಟು ಸೆಟ್ ತಂದು ಕೊಡೋರು! ಧರ್ಮಪುರಿಗೆ ಬಂದ್ರೂ ಸೇಲಂನಿಂದ ಬಸ್ಸಲ್ಲಿ ಕಟ್ಟಿಸ್ಕೊಂಡೇ ಬರೋರು. ವಡೆ ಬೇರೆ, ಚಟ್ನಿ ಬೇರೆ, ತರಕಾರಿ ಬೇರೆ. ಮನೇಲಿ ಕೂತು ಅವರೇ ಜೋಡಿಸೋರು. ಮೆತ್ತಗಾಗ್ಬಾರ್ದು ಅಂತ."

ನನಗೆ ಇದು ಗೊತ್ತಿರಲಿಲ್ಲ. ಅಪ್ಪ ಕುಡಿತ ಬಿಟ್ಟದ್ದು ನಾನು ಬೆಂಗಳೂರಿಗೆ ಓದಲು ಬಂದ ಮೇಲೆ. 1987ರಲ್ಲಿ ಸಾರಾಯಿ, ಕಳ್ಳು ಎರಡನ್ನೂ ನಿಲ್ಲಿಸಿದಾಗ ಅವನು ಬಿಡಲಿಲ್ಲ, ಬಾಟಲಿಗೆ ತಿರುಗಿದ. ಬಿಟ್ಟದ್ದು ಹೊಟ್ಟೆಯ ಕಾಯಿಲೆಯಾಗಿ ಎರಡು ತಿಂಗಳು ಮಲಗೆದ್ದ ಮೇಲೆ. ಆಮೇಲಿನ ಅಪ್ಪನನ್ನು ನಾನು ರಜೆಗೆ ಬಂದಾಗ ಅಷ್ಟಿಷ್ಟು ನೋಡಿದೆ, ನಂಬಲಿಲ್ಲ. ಇವಳಿಗೆ ಸಿಕ್ಕಿದ್ದು ಅದೊಬ್ಬನೇ. ಸೇಲಂನಿಂದ ತೊಪ್ಪೂರು ಘಾಟಿ ಹತ್ತಿ ಧರ್ಮಪುರಿಗೆ ಬಸ್ಸಿನಲ್ಲಿ ಒಂದೂವರೆ ಗಂಟೆ. ಅಷ್ಟು ಹೊತ್ತು ಚಟ್ನಿಯ ಡಬ್ಬಿ ಚೆಲ್ಲದಂತೆ ತೊಡೆಯ ಮೇಲಿಟ್ಟುಕೊಂಡು ಕುಳಿತ ಮುದುಕನನ್ನು ನಾನು ಕಲ್ಪಿಸಿಕೊಂಡೆ. ಮೆತ್ತಗಾದರೆ ಏನು ಅರ್ಥವೆಂದು ಅವನಿಗೂ ಗೊತ್ತಿತ್ತು. ಮಕ್ಕಳಾದ ನಮ್ಮಿಬ್ಬರಿಗೆ ಮಾತ್ರ ಗೊತ್ತಿದ್ದ ಗುಟ್ಟೆಂದು ನಾನು ತಿಳಿದಿದ್ದೆ.

ಅವಳಿಗೆ ಎಲ್ಲವನ್ನೂ ಹೇಳಿದೆ. ಹೇಳಬಾರದಿತ್ತೇನೋ. ಸತ್ತ ತಾತನನ್ನು ಮೊಮ್ಮಗಳಿಂದ ಕಿತ್ತುಕೊಳ್ಳುವ ಹಕ್ಕು ಯಾರಿಗೂ ಇಲ್ಲ. ಆದರೆ ಆ ಪುಟ್ಟ ಗ್ಲಾಸನ್ನು ಯಾಕೆ ಮುಟ್ಟಲಾರೆನೆಂದು ಬೇರೆ ಬಗೆಯಲ್ಲಿ ಹೇಳಲು ನನಗೆ ತಿಳಿಯಲಿಲ್ಲ. ಅವಳು ಕೇಳಿದಳು. ಗ್ಲಾಸುಗಳನ್ನು ಮೇಜಿನ ಅಂಚಿಗೆ ಸರಿಸಲಿಲ್ಲ. ಸರಿಸಿದ್ದರೆ ನನಗೆ ಸಂಕಟವಾಗುತ್ತಿತ್ತು. ಬಹಳ ಹೊತ್ತಾದ ಮೇಲೆ, "ಅವ್ವ ಇದನ್ನ ಯಾವತ್ತೂ ಹೇಳ್ಲಿಲ್ಲ" ಎಂದಳು. ತಣ್ಣಗಾದ ಸ್ಲೈಡರನ್ನು ಇಬ್ಬರೂ ತಿಂದೆವು. ರುಚಿಯಾಗಿತ್ತೆಂದೇ ಹೇಳಬೇಕು. ಮೆತ್ತಗಿರುವುದೇ ಅದರ ಧರ್ಮ.

ಮುಂದಿನ ತಿಂಗಳು ಇಬ್ಬರೂ ಹೊಸೂರು, ಧರ್ಮಪುರಿ, ಓಮಲೂರಿನ ರೈಲಿನಲ್ಲಿ ಸೇಲಂಗೆ ಹೋದೆವು. ಅವ್ವನಿಗೆ ಈಗ ಎಪ್ಪತ್ತಾರು. ಮಗ್ಗದ ಗುಂಡಿಯನ್ನು ಮುಚ್ಚಿ ಸಿಮೆಂಟು ಹಾಕಿಸಿದ ಜಾಗದಲ್ಲಿ ಅವಳ ಮಂಚವಿದೆ. ಸಂಜೆ ಮೊಮ್ಮಗಳ ಹೆಗಲು ಹಿಡಿದುಕೊಂಡು ಮೊದಲ ತಿರುವಿನವರೆಗೂ ನಡೆದು ಬಂದಳು. ಗಾಡಿ ಈಗ ಅಂಗಡಿಯಾಗಿದೆ, ಹಳೆಯವನ ಮಗ ನಡೆಸುತ್ತಾನೆ. ಎರಡನೆಯ ತಿರುವಿನಲ್ಲಿ ಸಾರಾಯಿ ಅಂಗಡಿಯಿದ್ದ ಕಡೆ ಮೊಬೈಲ್ ರಿಪೇರಿಯವನಿದ್ದಾನೆ. ರಾಜ್ಯದ ಮದ್ಯದ ಚಿಲ್ಲರೆ ವ್ಯಾಪಾರವೆಲ್ಲ 2003ರಿಂದ ಸರ್ಕಾರದ ಟಾಸ್ಮಾಕ್ ನಿಗಮದ ಕೈಯಲ್ಲಿದೆ. ಅದರ ಅಂಗಡಿಗೆ ಹೋಗಬೇಕಾದವರು ಇನ್ನೂ ಸ್ವಲ್ಪ ದೂರ ನಡೆಯುತ್ತಾರೆ.

ಅವ್ವನಿಗೆ ಹಲ್ಲು ಕಡಿಮೆಯಾದ್ದರಿಂದ ನೊರುಕ್ಕಲ್ ಹೇಳಿದೆ. ಬೇಡ, ಸೆಟ್ಟೇ ಕೊಡು ಎಂದಳು. ತಿನ್ನುತ್ತಾ ಇದ್ದಕ್ಕಿದ್ದಂತೆ, ಅಂಗಡಿಯ ಹುಡುಗನನ್ನು ತೋರಿಸಿ, "ಇವನಪ್ಪ ಪುಣ್ಯಾತ್ಮ. ನಾನು ಹೇಳಿದ್ ಮಾತನ್ನ ಒಂದು ವಾರ ತಪ್ಪಿಸ್ಲಿಲ್ಲ" ಎಂದಳು.

"ಏನು ಹೇಳಿದ್ದೆ?"

"ನಿಮ್ಮಪ್ಪ ಈ ದಾರೀಲಿ ಬಂದ ಕೂಡ್ಲೇ ಪೊಟ್ಟಣ ಕಟ್ಟಿ ಕೈಗೆ ಕೊಟ್ಬಿಡು, ಅವರು ಕೇಳ್ಲಿ ಕೇಳ್ದೇ ಇರ್ಲಿ ಅಂತ. ಮಕ್ಕಳ ಪೊಟ್ಟಣ ಕೈಯಲ್ಲಿದ್ರೆ ಗಂಡಸು ಆ ಕಡೆ ಹೋಗೋಕೆ ಸ್ವಲ್ಪ ನಾಚ್ಕೋತಾನೆ. ಬೇಗ ತಿನ್ದಿದ್ರೆ ಮೆತ್ತಗಾಗತ್ತೆ ಅಂತ ಅವರಿಗೂ ಗೊತ್ತಲ್ಲ."

"ದುಡ್ಡು?"

"ಕಂಡಿಕೆ ಸುತ್ತಿದ ಕೂಲಿ ಇರ್ತಿತ್ತಲ್ಲ ನಂದು. ಸೋಮವಾರ ತಂದು ಕೊಡ್ತಿದ್ದೆ. ನಾಲ್ಕು ವಾರದಲ್ಲಿ ಎರಡು ವಾರ ನೆಟ್ಟಗೆ ಮನೆಗೆ ಬಂದ್ರೆ ಸಾಕು ಅಂತ." ಅವಳು ಬೆರಳಿಗಂಟಿದ ಬೀಟ್‌ರೂಟನ್ನು ನೆಕ್ಕಿಕೊಂಡಳು. "ಎರಡು ವಾರ ಬರ್ತಿದ್ರು."

ನಾನು ನಲವತ್ತು ವರ್ಷ ಆ ಪೊಟ್ಟಣವನ್ನು ಅಪ್ಪ ತಂದದ್ದೆಂದು ತಿಳಿದಿದ್ದೆ. ಅಕ್ಕನಿಗೆ ಗೊತ್ತಿತ್ತೋ ಇಲ್ಲವೋ ಕೇಳಬೇಕು. ಮೊಮ್ಮಗಳು ಏನೂ ಮಾತಾಡದೆ ಇನ್ನೊಂದು ತಟ್ಟೆ ಹೇಳಿದಳು. ಬಿಸಿಯಿನ್ನೂ ಆರದ ತಟ್ಟುವಡೆಗಳನ್ನು ಹುಡುಗ ತಟ್ಟೆಯ ಮೇಲೆ ಹರಡಿ, ಹಸಿರು ಚಟ್ನಿ ಸವರಿ, ಮೇಲೊಂದು ಮುಚ್ಚಿ ಒತ್ತಿದ. ನಾವು ಮೂವರೂ ಒಂದೊಂದನ್ನು ಇಡಿಯಾಗಿ ಬಾಯಿಗಿಟ್ಟೆವು. ಅವ್ವ ತನ್ನ ಉಳಿದ ಹಲ್ಲುಗಳಿರುವ ಕಡೆಗೆ ತಲೆ ಓರೆಮಾಡಿ ಒಮ್ಮೆ ಕಚ್ಚಿದಳು. ಆ ಸದ್ದು ನನಗೂ ಕೇಳಿಸಿತು.

ಹಣ ಕೊಡಲು ಮೊಮ್ಮಗಳು ಮೊಬೈಲು ತೆಗೆದು ಅಂಗಡಿಯ ಕಂಬಕ್ಕೆ ಅಂಟಿಸಿದ್ದ ಚೌಕದ ಮುಂದೆ ಹಿಡಿದಳು. ಅವ್ವ ಅವಳ ಮಣಿಕಟ್ಟು ಹಿಡಿದು ಕೆಳಗಿಳಿಸಿ, ಸೆರಗಿನ ತುದಿಯ ಗಂಟನ್ನು ಬಿಚ್ಚತೊಡಗಿದಳು.